ಹಿಂಗೋಡೆ ಮುಟ್ಟದ ಸದ್ದು

ಅಂಟಣ್ಣ ಅನ್ನುವುದು ಅವನ ಹೆಸರಲ್ಲ. ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿತ್ತು, ಅದನ್ನು ಓದುವವರು ಯಾರೂ ಇರಲಿಲ್ಲ. ಮೂವತ್ತೊಂದು ವರ್ಷ ಎರಕದ ಕಾರ್ಖಾನೆಯ ಪರೀಕ್ಷೆ ಶೆಡ್ಡಿನಲ್ಲಿ ಗ್ರೀಸು ಬಳಿದ ಲೋಹದ ಮೇಲೆ ಪ್ರೋಬ್ ಉಜ್ಜಿ ಉಜ್ಜಿ ಅವನ ಬಲಗೈ ಸದಾ ಅಂಟಂಟು. ಕೈ ಕುಲುಕಿದವರು ಆಮೇಲೆ ಮೆಲ್ಲಗೆ ಪ್ಯಾಂಟಿಗೆ ಒರೆಸಿಕೊಳ್ಳುತ್ತಿದ್ದರು. ಮಾತಿನಲ್ಲೂ ಅಷ್ಟೇ, ಒಂದು ವಿಷಯ ಹಿಡಿದನೆಂದರೆ ಬಿಡುವ ಆಸಾಮಿಯಲ್ಲ. ಹೆಸರಿಟ್ಟ ಪುಣ್ಯಾತ್ಮ ಎರಡನ್ನೂ ನೋಡಿಯೇ ಇಟ್ಟಿರಬೇಕು.

ಅವನ ಕೆಲಸವನ್ನು ದೂರದಿಂದ ನೋಡಿದವರಿಗೆ ಇದೇನು ಮಹಾ ಅನ್ನಿಸುತ್ತಿತ್ತು. ಪ್ರೋಬ್ ಅಂದರೆ ಹೆಬ್ಬೆರಳಿನ ಗಾತ್ರದ ಒಂದು ಬಿಲ್ಲೆ, ಅದಕ್ಕೊಂದು ವೈರು, ವೈರಿನ ಕೊನೆಗೆ ಒಂದು ಪರದೆ. ಬಿಲ್ಲೆಯೊಳಗಿನ ಹರಳು ಮನುಷ್ಯರ ಕಿವಿಗೆ ಕೇಳದಷ್ಟು ಕೀಚಲು ಸದ್ದನ್ನು ಲೋಹದೊಳಕ್ಕೆ ಕಳಿಸುತ್ತದೆ. ಸದ್ದು ಲೋಹದ ಆಚೆ ಮುಖದವರೆಗೆ ಹೋಗಿ, ಅಲ್ಲಿ ಬಡಿದು, ವಾಪಸು ಬರುತ್ತದೆ. ಬಂದದ್ದಕ್ಕೆ ಗುರುತಾಗಿ ಪರದೆಯ ಮೇಲೆ ಒಂದು ಗೆರೆ ಕಂಬದ ಹಾಗೆ ಎದ್ದು ನಿಲ್ಲುತ್ತದೆ. ಆ ಆಚೆ ಮುಖಕ್ಕೆ ಶೆಡ್ಡಿನವರು ಹಿಂಗೋಡೆ ಅನ್ನುತ್ತಿದ್ದರು. ನಡುವೆ ಎಲ್ಲಾದರೂ ಬಿರುಕೋ ಗಾಳಿಗುಳ್ಳೆಯೋ ಇದ್ದರೆ ಸದ್ದು ಅಲ್ಲಿಂದಲೇ ತಿರುಗಿಬಿಡುತ್ತದೆ, ಆಗ ಹಿಂಗೋಡೆಗಿಂತ ಮೊದಲೇ ಇನ್ನೊಂದು ಕಂಬ ಏಳುತ್ತದೆ. ನಡುವೆ ಏನೂ ಇಲ್ಲ, ಕೊನೆಯಲ್ಲಿ ಹಿಂಗೋಡೆ ಇದೆ ಅಂದರೆ ಎರಕ ಗಟ್ಟಿ.

ಗಟ್ಟಿ ಅಂತ ಕಂಡ ಮೇಲೆ ಅಂಟಣ್ಣ ಜೇಬಿನಿಂದ ಒಂದು ಉಕ್ಕಿನ ಪಂಚು ತೆಗೆಯುತ್ತಿದ್ದ. ಬೆರಳುದ್ದದ ಪಂಚು, ತುದಿಯಲ್ಲಿ ಒಂದು ಚಿಕ್ಕ ಉಂಗುರ, ಉಂಗುರದ ನಡುವೆ ಅಡ್ಡಗೆರೆ. ಅದು ಅವನೊಬ್ಬನದೇ ಗುರುತು. ಅದನ್ನು ಎರಕದ ಮೇಲಿಟ್ಟು ಸುತ್ತಿಗೆಯಿಂದ ಒಂದೇ ಪೆಟ್ಟು. ಕಾಗದದಲ್ಲಿ ಯಾರು ಏನು ಬೇಕಾದರೂ ಬರೆಯಲಿ, ಕೊಳ್ಳುವವರು ಹುಡುಕುತ್ತಿದ್ದದ್ದು ಲೋಹದ ಮೇಲಿನ ಆ ಉಂಗುರವನ್ನು. ಉಂಗುರ ಬಿತ್ತೆಂದರೆ ಮಾಲು ಹೊರಟಿತು. ಈ ಕಥೆಯೆಲ್ಲ ಆ ಒಂದು ಪೆಟ್ಟಿನದು: ಅವನು ನಿವೃತ್ತಿಯಾಗಲು ಹದಿನೆಂಟು ದಿನ ಇರುವಾಗ ಶೆಡ್ಡಿಗೆ ಬಂದ ಮೂರು ಕೇಸಿಂಗುಗಳ ಮೇಲೆ ಅದು ಬೀಳಬೇಕೋ ಬಾರದೋ ಅನ್ನುವುದು.

ಮೂರು ಕೇಸಿಂಗುಗಳೂ ಊರಿಗೆ ನೀರು ತಳ್ಳುವ ಪಂಪ್ ಹೌಸಿಗೆ ಹೋಗಬೇಕಾದವು. ಕೇಸಿಂಗ್ ಅಂದರೆ ಪಂಪಿನ ಹೊರಗವಚ, ಒಳಗಿನ ಒತ್ತಡವನ್ನೆಲ್ಲ ತಡೆದು ಹಿಡಿಯುವುದು ಅದೇ. ಒಂದೊಂದೂ ಎಮ್ಮೆಯ ಗಾತ್ರ, ಗೋಡೆಯ ದಪ್ಪ ಒಂದು ಗೇಣು. ತುಕ್ಕು ಹಿಡಿಯಬಾರದು ಅಂತ ಈ ಸಲ ಕಾರ್ಖಾನೆ ಹೊಸ ಬಗೆಯ ಲೋಹ ಸುರಿದಿತ್ತು. ಅಂಟಣ್ಣ ಮೊದಲನೆಯದಕ್ಕೆ ಗ್ರೀಸು ಬಳಿದು ಪ್ರೋಬ್ ಇಟ್ಟ. ಪರದೆ ಖಾಲಿ. ಇನ್ನೊಂದು ಕಡೆ ಇಟ್ಟ. ಖಾಲಿ. ವೈರು ಅಲ್ಲಾಡಿಸಿದ, ಹಳೆಯ ಉಕ್ಕಿನ ತುಂಡೊಂದರ ಮೇಲಿಟ್ಟು ನೋಡಿದ, ಅಲ್ಲಿ ಹಿಂಗೋಡೆ ಠಣ್ಣನೆ ಎದ್ದು ನಿಂತಿತು. ಉಪಕರಣ ಸರಿಯಾಗಿತ್ತು. ಕೇಸಿಂಗಿನೊಳಕ್ಕೆ ಹೋದ ಸದ್ದು ಮಾತ್ರ ಹೋದದ್ದು ಹೋದಂತೆಯೇ.

ಕಾರಣ ಅವನಿಗೆ ತಕ್ಷಣ ಹೊಳೆಯಿತು. ಯಾವ ಸದ್ದೂ ದಾರಿಯುದ್ದಕ್ಕೂ ಸವೆಯುತ್ತಲೇ ಹೋಗುತ್ತದೆ. ಕರಗಿದ ಲೋಹ ಗಟ್ಟಿಯಾಗುವಾಗ ಒಳಗೆ ಕಾಳುಕಾಳಾಗಿ ಹೆಪ್ಪುಗಟ್ಟುತ್ತದೆ. ಸಣ್ಣ ಕಾಳಿನ ಉಕ್ಕಿನಲ್ಲಿ ಸ್ವಲ್ಪ ಸವೆಯುತ್ತದೆ, ದಪ್ಪ ಕಾಳಿನ ಲೋಹದಲ್ಲಿ ಪ್ರತಿ ಕಾಳಿಗೂ ತಗುಲಿ, ಅತ್ತಿತ್ತ ಚೆದುರಿ, ಅರ್ಧ ದಾರಿಯಲ್ಲೇ ಉಸಿರು ಬಿಡುತ್ತದೆ. ಕಿಕ್ಕಿರಿದ ಬಸ್ಸಿನ ಹಿಂದಿನ ಸೀಟಿನಿಂದ ‘ನಿಲ್ಸಿ, ನಿಲ್ಸಿ’ ಅಂತ ಕೂಗಿದರೆ ಡ್ರೈವರಿಗೆ ಕೇಳುವುದಿಲ್ಲವಲ್ಲ, ಹಾಗೆ. ಅದರಲ್ಲೂ ಕೀಚಲು ಸದ್ದು ಬೇಗ ಸಾಯುತ್ತದೆ, ಗಡುಸಾದ ತಗ್ಗು ಸದ್ದು ಇನ್ನಷ್ಟು ದೂರ ನಡೆಯುತ್ತದೆ. ಅವನ ಬಳಿ ಇದ್ದದ್ದೆಲ್ಲ ನಾಲ್ಕು ಮೆಗಾಹರ್ಟ್ಸಿನ ಕೀಚಲು ಪ್ರೋಬುಗಳು. ಬೇಕಾದದ್ದು ಒಂದು ಮೆಗಾಹರ್ಟ್ಸಿನದು.

ಇಷ್ಟು ಹೇಳಲು ಅವನು ಮ್ಯಾನೇಜರರನ್ನು ಕರೆದ. ಮ್ಯಾನೇಜರು ಅವನಿಗಿಂತ ಹದಿನೈದು ವರ್ಷ ಚಿಕ್ಕವರು, ನಗುಮುಖದವರು, ಗ್ರೀಸು ತಾಗೀತೆಂದು ಎರಡೂ ಕೈಯನ್ನು ಹಿಂದೆ ಕಟ್ಟಿಕೊಂಡು ಪರದೆಗೆ ಬಗ್ಗಿದರು.

“ಆಹಾ, ಎಷ್ಟು ಕ್ಲೀನಾಗಿದೆ ನೋಡಿ ಅಂಟಣ್ಣ. ಒಂದು ಗೆರೆ ಇಲ್ಲ.”

“ಒಂದು ಗೆರೆ ಇಲ್ಲ ಅನ್ನೋದೇ ನನ್ನ ತಕರಾರು ಸಾರ್. ಹಿಂಗೋಡೆ ಗೆರೆನೂ ಇಲ್ಲ.”

“ದೋಷ ಏನಾದ್ರೂ ಕಾಣಿಸ್ತಿದೆಯಾ?”

“ಇಲ್ಲ.”

“ಮತ್ತೆ?”

“ಸಾರ್, ಒಂದು ಮನೆ ಬಾಗಿಲಲ್ಲಿ ನಿಂತು ಕೂಗ್ತೀರಿ ಅಂತಿಟ್ಕೊಳ್ಳಿ. ಒಳಗಿಂದ ಯಾರೂ ಓಗೊಡಲ್ಲ. ಮನೇಲಿ ಯಾರೂ ಇಲ್ಲ ಅಂತ ಬರ್ಕೊಡ್ತೀರಾ? ನಿಮ್ಮ ಕೂಗೇ ಒಳಗೆ ಹೋಗಿರದೆ ಇರಬಹುದು.”

“ನಾವು ಮನೆ ಮಾರ್ತಿಲ್ಲ ಅಂಟಣ್ಣ, ಪಂಪ್ ಮಾರ್ತಿದ್ದೀವಿ.” ಮ್ಯಾನೇಜರು ತಮ್ಮ ಜೋಕಿಗೆ ತಾವೇ ನಕ್ಕರು.

ಅಂಟಣ್ಣ ಹಲ್ಲು ಕಚ್ಚಿಕೊಂಡು ಗೇನ್ ಗುಂಡಿಯನ್ನು ತಿರುಗಿಸಿದ. ಗೇನ್ ಅಂದರೆ ವಾಪಸು ಬಂದ ಸದ್ದನ್ನು ಹಿಗ್ಗಿಸಿ ತೋರಿಸುವುದು. ಹಿಗ್ಗಿಸಿದಾಗ ಹಿಂಗೋಡೆಯೇನೂ ಬರಲಿಲ್ಲ, ಬದಲಿಗೆ ಕಾಳುಗಳಿಂದ ಚೆದುರಿದ ಚೂರುಪಾರು ಸದ್ದೆಲ್ಲ ದೊಡ್ಡದಾಗಿ, ಪರದೆಯ ತುಂಬ ಹುಲ್ಲು ಬೆಳೆದ ಹಾಗೆ ಸಣ್ಣ ಗೆರೆಗಳು ಎದ್ದವು. “ನೋಡಿ ಸಾರ್, ಈ ಹುಲ್ಲಲ್ಲಿ ಹಾವಿದ್ರೂ ಕಾಣಲ್ಲ” ಅಂದ. ಮ್ಯಾನೇಜರು ಸ್ವಲ್ಪ ಹೊತ್ತು ನೋಡಿ, ಕರವಸ್ತ್ರ ಸುತ್ತಿದ ಬೆರಳಿನಿಂದ ಗುಂಡಿಯನ್ನು ತಾವೇ ಹಿಂದಕ್ಕೆ ತಿರುಗಿಸಿದರು. ಹುಲ್ಲು ಮಾಯವಾಯಿತು. “ಈಗ ಸರಿಹೋಯ್ತು” ಅಂದರು. ಮೂವತ್ತೊಂದು ವರ್ಷದಲ್ಲಿ ಅಂಟಣ್ಣನಿಗೆ ಅಷ್ಟು ಹೊಟ್ಟೆ ಉರಿದದ್ದು ಬೇರೆ ಇಲ್ಲ.

ಅವನು ಪ್ರೋಬಿಗಾಗಿ ಅರ್ಜಿ ಬರೆದ. ಆ ಅರ್ಜಿಯ ಪ್ರಯಾಣವನ್ನು ಹೇಳದಿದ್ದರೆ ಕಥೆ ಮುಂದಕ್ಕೆ ಹೋಗುವುದಿಲ್ಲ. ಅವನು ಬರೆದದ್ದು: ‘ಮೂರು ಕೇಸಿಂಗುಗಳ ದಪ್ಪ ಲೋಹದಲ್ಲಿ ಅಲೆ ಹಿಂಗೋಡೆ ಮುಟ್ಟುತ್ತಿಲ್ಲವಾದ್ದರಿಂದ ಒಂದು ಮೆಗಾಹರ್ಟ್ಸಿನ, ದೊಡ್ಡ ಹರಳಿನ ಪ್ರೋಬ್ ಒಂದು ತುರ್ತಾಗಿ ಬೇಕು.’ ಫೋರ್‌ಮನ್ನರು ಕಾರಣ ಉದ್ದವಾಯಿತೆಂದು ‘ದಪ್ಪ ಲೋಹದ ಪರೀಕ್ಷೆಗೆ ಪ್ರೋಬ್ ಬೇಕು’ ಅಂತ ಮಾಡಿದರು. ಸ್ಟೋರಿನವನು ‘ಪ್ರೋಬ್ ದಾಸ್ತಾನು ಆರು ಇದೆ, ಬೇರೆ ಸಾಮಗ್ರಿ ಬೇಕಿರಬಹುದು’ ಅಂತ ಷರಾ ಬರೆದ. ಖರೀದಿಯವರು ‘ಪರೀಕ್ಷೆ ಸಾಮಗ್ರಿ ಕೊರತೆ’ ಅಂತ ಚಿಕ್ಕದು ಮಾಡಿದರು. ಅದಕ್ಕೆ ಮೇಲಿನವರು ‘ಕೊಡಿ’ ಅಂತ ಒಂದೇ ಮಾತಿನಲ್ಲಿ ಸಹಿ ಹಾಕಿದರು. ಒಂಬತ್ತು ದಿನ ಕಳೆದು ಶೆಡ್ಡಿಗೆ ಬಂದಿಳಿದದ್ದು ಎರಡು ಡಬ್ಬ ಗ್ರೀಸು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಅನ್ನುತ್ತಾರಲ್ಲ, ಇಲ್ಲಿ ಬರೆಯೂ ಇಲ್ಲ, ಎಣ್ಣೆ ಸವರಿ ಕಳಿಸಿದ್ದರು. ಅಂಟಣ್ಣ ಆ ಡಬ್ಬಗಳನ್ನು ಎತ್ತಿಕೊಂಡು ನಾಲ್ಕೂ ಮೇಜುಗಳ ಮುಂದೆ ನಿಂತು ಕೂಗಾಡಿದ. ಫೋರ್‌ಮನ್ನರು ಸ್ಟೋರಿನ ಕಡೆ ಬೆರಳು ತೋರಿಸಿದರು, ಸ್ಟೋರಿನವನು ಖರೀದಿಯ ಕಡೆ. ಖರೀದಿಯವರು “ಗ್ರೀಸ್ ಚೆನ್ನಾಗಿದೆಯಲ್ಲಾ, ಹೊಸ ಕಂಪನಿದು” ಅಂದರು. ಕೋಣನ ಮುಂದೆ ಕಿನ್ನರಿ ಬಾರಿಸಿದವನಿಗೆ ಕೋಣ ತಲೆಯನ್ನಾದರೂ ಆಡಿಸುತ್ತದೆ. ನಿವೃತ್ತಿಗೆ ಇನ್ನು ಒಂಬತ್ತೇ ದಿನ ಉಳಿದಿತ್ತು.

ಮನೆಗೆ ಹೋದವನು ಹೆಂಡತಿಯ ಮುಂದೆಯೂ ಅದನ್ನೇ ಕೂಗಿದ. ಅವಳು ಹಜಾರದಲ್ಲಿ ಹೊಲಿಗೆ ಮಿಷನ್ನು ತುಳಿಯುತ್ತಿದ್ದಳು, ಅಕ್ಕಪಕ್ಕದವರ ಬಟ್ಟೆ ಹೊಲಿದುಕೊಡುವುದು ಅವಳ ಕಸುಬು. ಗಂಡ ಅಡುಗೆಮನೆಯಲ್ಲಿ ನೀರು ಕುಡಿಯುತ್ತ ಕೂಗುತ್ತಾನೆ, ಬಚ್ಚಲಲ್ಲಿ ಗ್ರೀಸು ತೊಳೆಯುತ್ತ ಕೂಗುತ್ತಾನೆ, ಅವಳು ಮಿಷನ್ನಿನ ಸದ್ದಿನ ನಡುವೆ ಹೂಂಗುಟ್ಟುತ್ತಾಳೆ. ಇದು ಆ ಮನೆಯ ಇಪ್ಪತ್ತೆಂಟು ವರ್ಷದ ಪದ್ಧತಿ.

“ಕೇಳಿಸ್ತಾ ನಾನು ಹೇಳಿದ್ದು?” ಅಂತ ಅವನು ಟವೆಲ್ಲು ಹಿಡಿದುಕೊಂಡು ಬಂದ. ಅವನು ಯಾರ ಹೂಂಕಾರವನ್ನೂ ನಂಬುವವನಲ್ಲ.

ಅವಳು ಮಿಷನ್ ನಿಲ್ಲಿಸಿದಳು. “ನೀವು ಕೂಗಿದ್ರೆ ಕೂಗು ಕೇಳತ್ತೆ, ಮಾತು ಕೇಳಲ್ಲ. ಈಗ ಕೂತ್ಕೊಂಡು ಮೆತ್ತಗೆ ಹೇಳಿ.”

ಅವನು ಕೂತು ಹೇಳಿದ. ಅವಳು ದಾರ ಕಚ್ಚಿ ತುಂಡು ಮಾಡಿ, “ಆ ಪ್ರೋಬ್ ನನ್ನ ತಮ್ಮನ ಹತ್ರ ಇದೆಯಲ್ಲ” ಅಂದಳು.

ಇದೆ ಅಂತ ಅವನಿಗೂ ಗೊತ್ತಿತ್ತು. ಗೊತ್ತಿದ್ದೇ ನಾಲ್ಕು ಮೇಜು ಸುತ್ತಿದ್ದ. ಬಾಮೈದ ಒಂದು ಕಾಲಕ್ಕೆ ಅವನ ಕೈಕೆಳಗೇ ಪ್ರೋಬ್ ಹಿಡಿಯುವುದನ್ನು ಕಲಿತವನು. ಆಮೇಲೆ ಸ್ವಂತದ ಪರೀಕ್ಷೆ ಅಂಗಡಿ ತೆರೆದು, ಬಾಗಿಲಿಗೆ ‘ಇಪ್ಪತ್ತನಾಲ್ಕು ಗಂಟೆಯಲ್ಲಿ ವರದಿ’ ಅಂತ ಬೋರ್ಡು ಬರೆಸಿದ. ನಾಲ್ಕು ವರ್ಷದ ಹಿಂದೆ ನೆಂಟರೆಲ್ಲ ಊಟಕ್ಕೆ ಕೂತಿದ್ದಾಗ ಅಂಟಣ್ಣ, “ಇವನು ಲೋಹ ನೋಡಲ್ಲ, ಗಡಿಯಾರ ನೋಡ್ತಾನೆ” ಅಂದುಬಿಟ್ಟ. ಬಾಮೈದ ಎಲೆಯ ಮುಂದಿನಿಂದ ಎದ್ದು ಹೋದವನು ಮತ್ತೆ ಈ ಮನೆಯ ಹೊಸಿಲು ತುಳಿದಿರಲಿಲ್ಲ. ಅಂಟಣ್ಣನೂ ಜಪ್ಪಯ್ಯ ಅಂದರೂ ಆ ಕಡೆ ಹೋಗಲಿಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು.

“ಪಂಪ್ ಒಡೆದ್ರೆ ನೀರು ನಮ್ಮ ನಲ್ಲೀಲೂ ನಿಲ್ಲತ್ತೆ” ಅಂದಳು ಹೆಂಡತಿ, ಮತ್ತೆ ಮಿಷನ್ ತುಳಿಯತೊಡಗಿದಳು.

ಎರಡು ದಿನ ಮುಖ ಊದಿಸಿಕೊಂಡಿದ್ದು ಮೂರನೆಯ ದಿನ ಅವನು ಹೋದ. ಬಾಮೈದ ಅಂಗಡಿಯಲ್ಲೇ ಇದ್ದ, ಎದ್ದು ನಿಂತ, ಆದರೆ ಕೂತುಕೊಳ್ಳಿ ಅನ್ನಲಿಲ್ಲ. ಅಂಟಣ್ಣ ಬೋರ್ಡನ್ನು ನೋಡದಿರಲು ಪ್ರಯತ್ನಪಡುತ್ತ, ಒಂದೇ ಉಸಿರಿಗೆ ವಿಷಯ ಹೇಳಿದ. ಬಾಮೈದ ನಡುವೆ ಬಾಯಿ ಹಾಕದೆ ಕೇಳಿಸಿಕೊಂಡ.

“ಗುರುವಾರ ಬೆಳಿಗ್ಗೆ ತಗೊಂಡ್ಹೋಗಿ ಭಾವ. ಶುಕ್ರವಾರ ಹತ್ತು ಗಂಟೆಗೆ ನಂಗೆ ವಾಪಸ್ ಬೇಕು, ಬೇರೆ ಕೆಲಸ ಇದೆ. ಮೂರನ್ನೂ ಒಂದು ದಿನದಲ್ಲಿ ಮುಗಿಸ್ಕೊಳ್ಳಿ.”

“ಒಂದು ಮುಗಿದ್ರೆ ಹೆಚ್ಚು.”

“ಇನ್ನೊಬ್ಬರನ್ನ ಕೂರಿಸ್ಕೊಂಡ್ರೆ ಮೂರೂ ಆಗತ್ತೆ.”

“ಗಡಿಯಾರ ನೋಡ್ಕೊಂಡು ಮಾಡಿದ್ರೆ ಆಗತ್ತೆ” ಅನ್ನುವ ಮಾತು ಅಂಟಣ್ಣನ ನಾಲಗೆಯ ತುದಿಗೆ ಬಂದಿತ್ತು. ನುಂಗಿಕೊಂಡ. “ಗುರುವಾರ ಬರ್ತೀನಿ” ಅಂದು ಹೊರಟ.

ಗುರುವಾರ ಅವನು ಮೊದಲನೆಯ ಕೇಸಿಂಗಿನ ಮೈಮೇಲೆಲ್ಲ ಸೀಮೆಸುಣ್ಣದಲ್ಲಿ ಚೌಕುಳಿ ಎಳೆದು, ಒಂದೊಂದು ಚೌಕಕ್ಕೂ ಆ ದಪ್ಪ ಪ್ರೋಬನ್ನು ಒತ್ತಿ ಹಿಡಿದ. ತಗ್ಗು ಸದ್ದು ಕಾಳುಗಳ ನಡುವೆ ನುಗ್ಗಿಕೊಂಡು ಹೋಗಿ ಹಿಂಗೋಡೆಯನ್ನು ಬಡಿದು ಬಂತು. ಗೆರೆ ಎದ್ದಿತು. ಎಷ್ಟೋ ದಿನದಿಂದ ಕಾಣದ ನೆಂಟನನ್ನು ಕಂಡ ಹಾಗೆ ಅವನು ಅದನ್ನೇ ನೋಡಿದ. ನಾನೂರ ಎಂಟು ಚೌಕ. ಊಟಕ್ಕೆ ಏಳಲಿಲ್ಲ. ಸಂಜೆ ಐದೂವರೆಗೆ ಕೊನೆಯ ಚೌಕ ಮುಗಿಯಿತು. ಎಲ್ಲೂ ಬಿರುಕಿಲ್ಲ, ಗುಳ್ಳೆಯಿಲ್ಲ, ಎಲ್ಲ ಕಡೆಯೂ ಹಿಂಗೋಡೆ ನೆಟ್ಟಗೆ ನಿಂತಿತ್ತು. ಅವನು ಪಂಚು ತೆಗೆದು, ಮನಸ್ಸಿಗೆ ಹಿತವಾಗುವಂತೆ ಒಂದೇ ಪೆಟ್ಟು ಹೊಡೆದ. ಉಂಗುರ ಚೊಕ್ಕವಾಗಿ ಬಿತ್ತು.

ಮ್ಯಾನೇಜರು ಶುಕ್ರವಾರ ಬೆಳಿಗ್ಗೆ ಉಂಗುರವನ್ನು ನೋಡಿ ಚಪ್ಪಾಳೆ ತಟ್ಟಿದರು. “ನಾನು ಹದಿನೈದು ದಿನದ ಹಿಂದೆ ಏನು ಹೇಳಿದ್ದೆ? ಕ್ಲೀನ್ ಅಂದಿದ್ದೆ. ನೀವೂ ಕೊನೆಗೆ ಅಲ್ಲಿಗೇ ಬಂದ್ರಿ.”

“ನೀವು ಹೇಳಿದ್ರಿ ಸಾರ್. ನಾನು ನೋಡಿದೆ.”

“ಎರಡಕ್ಕೂ ಏನು ವ್ಯತ್ಯಾಸ? ಉತ್ತರ ಒಂದೇ ಅಲ್ವಾ?”

ಅಂಟಣ್ಣ ಬಾಯಿ ತೆರೆದ. ಒಂದು ಪರದೆಯಲ್ಲಿ ಹಿಂಗೋಡೆ ಇತ್ತು, ಇನ್ನೊಂದರಲ್ಲಿ ಇರಲಿಲ್ಲ, ಇದಕ್ಕಿಂತ ಸರಳವಾಗಿ ಈ ಭೂಮಿಯ ಮೇಲೆ ಏನನ್ನಾದರೂ ಹೇಳಲು ಸಾಧ್ಯವೆ? ಅವನು ಅದನ್ನು ಮೂರು ಬಗೆಯಲ್ಲಿ ಹೇಳಿದ. ಮ್ಯಾನೇಜರು ಮೂರು ಸಲವೂ ನಗುನಗುತ್ತ ತಲೆಯಾಡಿಸಿ, “ಸರಿ ಸರಿ, ಉಳಿದ ಎರಡಕ್ಕೂ ಹೊಡೆದುಬಿಡಿ. ಅದೇ ಅಚ್ಚು, ಅದೇ ಲೋಹ, ಅದೇ ದಿನ ಸುರಿದದ್ದು” ಅಂದರು.

“ಒಂದೇ ತಾಯಿ ಮಕ್ಕಳು ಅಂತ ಒಬ್ಬನಿಗೆ ಜ್ವರ ನೋಡಿ ಮೂವರಿಗೂ ಔಷಧಿ ಕೊಡ್ತಾರಾ ಸಾರ್? ಇನ್ನೆರಡು ದಿನಕ್ಕೆ ಆ ಪ್ರೋಬ್ ತರಿಸ್ಕೊಡಿ, ಹೊಡೀತೀನಿ.”

“ಸೋಮವಾರ ಲಾರಿ ಬರುತ್ತೆ ಅಂಟಣ್ಣ.”

“ಬರಲಿ. ನಾನು ಹೊಡಿಯಲ್ಲ.”

ಮ್ಯಾನೇಜರರ ಮುಖದ ನಗು ಹಾಗೇ ಇತ್ತು. ಏನೂ ಹೇಳದೆ ಹೊರಟುಹೋದರು. ಅವರು ಕೂಗಾಡಿದ್ದರೆ ಅಂಟಣ್ಣನಿಗೆ ಸಮಾಧಾನವಿರುತ್ತಿತ್ತು. ಅಂಥವರು ಸುಮ್ಮನಾದರೆ ಒಪ್ಪಿದರು ಅಂತಲ್ಲ ಅನ್ನುವಷ್ಟು ಅವನಿಗೆ ಗೊತ್ತಿತ್ತು. ಅವನಿಗೆ ಎಲ್ಲಕ್ಕಿಂತ ಸಂಕಟವಾದದ್ದು ಬೇರೆಯೇ: ತಾನು ಕಷ್ಟಪಟ್ಟು ನೋಡಿದ್ದರಿಂದಲೇ, ಇನ್ನು ನೋಡುವುದು ಬೇಕಾಗಿಲ್ಲ ಅಂತ ಇವರು ಕಲಿತಂತಾಯಿತಲ್ಲ!

ಪ್ರೋಬು ಹತ್ತು ಗಂಟೆಗೆ ವಾಪಸು ಹೋಯಿತು. ಹನ್ನೊಂದಕ್ಕೆ ಸ್ಟೋರಿನವನು ಶೆಡ್ಡಿಗೆ ಬಂದ. ನಾಳೆ ಶನಿವಾರ ಅಂಟಣ್ಣನ ಕಡೆಯ ದಿನ, ಅವನ ಹೆಸರಿನಲ್ಲಿರುವ ಸಾಮಾನುಗಳನ್ನೆಲ್ಲ ಇವತ್ತೇ ಒಪ್ಪಿಸಬೇಕಂತೆ. ಸುತ್ತಿಗೆ, ಅಳತೆಪಟ್ಟಿ, ಕನ್ನಡಕ, ಪಂಚು.

“ಪಂಚು ಕಡೇ ದಿನ ಸಂಜೆ ಅಲ್ವೇನಯ್ಯ? ನನ್ನೆದುರಿಗೇ ಮುಖ ಅರೆದು ಹಾಕ್ಬೇಕು. ನಿಯಮ ಹಾಗಿದೆ.”

ಸ್ಟೋರಿನವನು ಒಳ್ಳೆಯವನು, ಸುಳ್ಳು ಹೇಳಲು ಬಾರದವನು. ಅವನು ಕಿವಿ ಕೆರೆದುಕೊಂಡ. “ಈ ಸಲ ಅರೆಯೋದು ಬೇಡ, ತಮ್ಮ ಡ್ರಾಯರಲ್ಲಿ ಇರಲಿ ಅಂದ್ರು ಮ್ಯಾನೇಜರ್ ಸಾಹೇಬ್ರು. ಸೋಮವಾರ ಬೇಕಾಗತ್ತಂತೆ.”

ಸೋಮವಾರ ಅಂಟಣ್ಣ ಇರುವುದಿಲ್ಲ. ಅವನ ಉಂಗುರ ಇರುತ್ತದೆ. ಎರಡು ಕೇಸಿಂಗುಗಳ ಮೇಲೆ ಯಾರೋ ಒಬ್ಬರು ಎರಡು ಪೆಟ್ಟು ಹೊಡೆದರೆ ಮುಗಿಯಿತು, ಊರಿಗೆ ಊರೇ ಅಂಟಣ್ಣ ನೋಡಿದ್ದಾನೆ ಅಂತ ನಂಬಿಕೊಂಡು ನೀರು ಕುಡಿಯುತ್ತದೆ. ಅವನು “ಊಟ ಆದ್ಮೇಲೆ ನಾನೇ ತಂದ್ಕೊಡ್ತೀನಿ” ಅಂದು ಸ್ಟೋರಿನವನನ್ನು ಕಳಿಸಿ, ಶೆಡ್ಡಿನ ಮೂಲೆಯ ಗ್ರೈಂಡರಿನ ಗುಂಡಿ ಒತ್ತಿದ. ಪಂಚಿನ ತುದಿಯನ್ನು ಕಲ್ಲಿಗೆ ಹಿಡಿದ. ಕಿಡಿ ಹಾರಿತು. ಮೂವತ್ತೊಂದು ವರ್ಷ ಸವೆಯದಿದ್ದ ಉಂಗುರ ಎಣಿಸಿ ಹತ್ತರೊಳಗೆ ಸವೆದುಹೋಯಿತು. ಬಿಸಿ ಆರುವವರೆಗೆ ನೀರಿನ ಬೋಗುಣಿಯಲ್ಲಿ ಅದ್ದಿಟ್ಟು, ಬಟ್ಟೆಯಲ್ಲಿ ಒರೆಸಿ, ನೇರ ಮ್ಯಾನೇಜರರ ಕೋಣೆಗೆ ಹೋಗಿ ಮೇಜಿನ ಮೇಲಿಟ್ಟ.

ಮ್ಯಾನೇಜರು ಪಂಚನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. ಮೊದಲ ಸಲ ಅವರ ಮುಖದಿಂದ ನಗು ಹೋಯಿತು. “ಏನ್ರೀ ಇದು? ಇದರಲ್ಲಿ ಏನೂ ಇಲ್ವಲ್ರೀ!”

“ಏನೂ ಇಲ್ಲ ಅಂದ್ರೆ ಕ್ಲೀನ್ ಅಂತ ತಾನೇ ಸಾರ್ ನಿಮ್ಮ ಲೆಕ್ಕ?”

ಈ ಮಾತು ಮಧ್ಯಾಹ್ನದೊಳಗೆ ಕಾರ್ಖಾನೆಯ ಮೂಲೆಮೂಲೆಗೂ ಹಬ್ಬಿತು. ಅವನ ಮೂವತ್ತೊಂದು ವರ್ಷದ ಮಾತುಗಳಲ್ಲಿ ಒಂದಿಷ್ಟೂ ಕುಗ್ಗದೆ ಎಲ್ಲರಿಗೂ ಮುಟ್ಟಿದ್ದು ಇದೊಂದೇ. ಅದೂ ಜೋಕು ಅಂತ. ಶನಿವಾರ ಸಂಜೆ ಇಟ್ಟಿದ್ದ ಬೀಳ್ಕೊಡುಗೆ ರದ್ದಾಯಿತು. ಗೇಟಿನಲ್ಲಿ ಅವನ ಚೀಲವನ್ನು ಎರಡು ಸಲ ತಡಕಿದರು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅಂತ ಅವನು ಹೆಂಡತಿಯ ಮುಂದೆ ಹೇಳಿಕೊಂಡ. ಅವಳು ಹೂಂ ಅಂದಳು, ತಿರುಗಿ ಕೇಳುವ ಚೈತನ್ಯ ಅವನಲ್ಲಿರಲಿಲ್ಲ.

ಭಾನುವಾರ ಬಾಮೈದನ ಫೋನು ಬಂತು, ಅಕ್ಕನಿಗೆ. ಪರೀಕ್ಷೆಯ ಗುರುತು ಬೀಳದೆ ಲಾರಿ ಹೊರಡುವಂತಿಲ್ಲ, ಬಾಮೈದನಿಗೂ ಅವನದೇ ಒಂದು ಪಂಚಿತ್ತು. ಹಾಗಾಗಿ ಮ್ಯಾನೇಜರು ಎರಡು ಕೇಸಿಂಗುಗಳನ್ನೂ ಸೋಮವಾರ ಬಾಮೈದನ ಅಂಗಡಿಗೇ ಕಳಿಸುತ್ತಿದ್ದರು. ಸಂಜೆಯೊಳಗೆ ಮುಗಿಸಿಕೊಡಬೇಕಂತೆ. ಅಂಟಣ್ಣ ಫೋನನ್ನು ಕಸಿದುಕೊಂಡ.

“ಚೌಕ ಒಂದೂ ಬಿಡಬೇಡ. ಹಿಂಗೋಡೆ ಕಾಣದೆ ಹೊಡೀಬೇಡ.”

“ನೀವು ಕಲಿಸಿದ್ದೇ ಅಲ್ವಾ ಭಾವ.”

“ನಾನೂ ಬರ್ತೀನಿ.”

“ಬೇಡ. ಅವರ ಕಡೆಯವರು ಜೊತೇಲಿರ್ತಾರೆ, ನಿಮ್ಮನ್ನ ನೋಡಿದ್ರೆ ರಂಪ ಆಗತ್ತೆ. ಮನೇಲಿರಿ, ನಾನೇ ಹೇಳ್ತೀನಿ.”

ಮನೆಯಲ್ಲಿರುವ ಪ್ರಾಣಿಯೇ ಅದು? ಸೋಮವಾರ ಒಂಬತ್ತು ಗಂಟೆಗೆಲ್ಲ ಅಂಟಣ್ಣ ಬಾಮೈದನ ಅಂಗಡಿಯ ಎದುರಿನ ಚಹಾ ಅಂಗಡಿಯ ಬೆಂಚಿನ ಮೇಲಿದ್ದ. ನಡುವೆ ರಸ್ತೆ, ಕಾಂಪೌಂಡು, ಅದರ ಹಿಂದೆ ತಗಡಿನ ಶೆಡ್ಡು. ಎರಡು ಲಾರಿ ಒಳಗೆ ಹೋಗಿ ಖಾಲಿಯಾಗಿ ಬಂದವು. ಅವನು ಪಂಚಿನ ಪೆಟ್ಟಿಗಾಗಿ ಕಿವಿ ಇಟ್ಟುಕೊಂಡು ಕೂತ. ಕಬ್ಬಿಣದ ಸದ್ದು ಸಾವಿರವಿದ್ದರೂ ಪಂಚಿನ ಪೆಟ್ಟು ಅವನಿಗೆ ಬೇರೆಯಾಗಿ ಕೇಳುತ್ತದೆ, ಮಗುವಿನ ಅಳು ತಾಯಿಗೆ ಕೇಳುವ ಹಾಗೆ.

ಮಧ್ಯಾಹ್ನ ಎರಡು ಗಂಟೆಗೆ ಒಂದು ಪೆಟ್ಟು ಬಿತ್ತು. ಠಣ್. ಎರಡನೆಯ ಕೇಸಿಂಗೂ ಗಟ್ಟಿ ಅಂತಾಯಿತು. ಅವನು ಇನ್ನೊಂದು ಚಹಾ ತರಿಸಿದ. ಮೂರನೆಯದರ ಪೆಟ್ಟು ಮೂರು ಗಂಟೆಗೆ ಬೀಳಲಿಲ್ಲ, ಮೂರೂವರೆಗೂ ಬೀಳಲಿಲ್ಲ. ನಾಲ್ಕಾಯಿತು. ಅಂಟಣ್ಣನಿಗೆ ಖುಷಿಯಾಗುತ್ತಿತ್ತು. ಬಿರುಕು ಸಿಕ್ಕಿದೆ, ಇಲ್ಲದಿದ್ದರೆ ಯಾಕೆ ಇಷ್ಟು ಹೊತ್ತು? ನಾಳೆ ಮ್ಯಾನೇಜರರ ಮುಖ ಹೇಗಿರಬಹುದು, ಗ್ರೀಸು ಕಳಿಸಿದ ಖರೀದಿಯವರ ಮುಖ ಹೇಗಿರಬಹುದು, ತನ್ನನ್ನು ಫೋನು ಮಾಡಿ ಕರೆಸಿದಾಗ ತಾನು ಏನು ಹೇಳಬೇಕು, ಎಲ್ಲವನ್ನೂ ಬೆಂಚಿನ ಮೇಲೆ ಕೂತೇ ತಯಾರು ಮಾಡಿಕೊಂಡ. ದೊಡ್ಡ ಬಿರುಕೇ ಇರಲಿ ಅಂತ ಮನಸ್ಸಿನಲ್ಲೇ ಬೇಡಿಕೊಂಡ.

ಐದು ಗಂಟೆಗೆ ಬಾಮೈದ ಕೈ ಒರೆಸಿಕೊಳ್ಳುತ್ತ ಗೇಟಿನಿಂದ ಹೊರಗೆ ಬಂದ. ಬೆಂಚಿನ ಮೇಲೆ ಭಾವನನ್ನು ಕಂಡು ತಲೆ ಚಚ್ಚಿಕೊಂಡು ರಸ್ತೆ ದಾಟಿದ.

“ಮೂರನೇದಕ್ಕೆ ಹೊಡೀಲಿಲ್ಲ ಅಲ್ವಾ?” ಅಂಟಣ್ಣ ಎದ್ದೇ ನಿಂತಿದ್ದ. “ಎಲ್ಲಿ ಸಿಕ್ತು? ಮೇಲ್ಗಡೆನಾ?”

“ಏನು ಸಿಕ್ಕೋದು?”

“ಬಿರುಕು!”

“ಯಾವ ಬಿರುಕು ಭಾವ? ಎರಡಕ್ಕೂ ಹೊಡೆದೆ. ಎರಡರಲ್ಲೂ ಹಿಂಗೋಡೆ ಗೂಟ ಹೊಡೆದ ಹಾಗೆ ನಿಂತಿತ್ತು.”

“ನಂಗೆ ಒಂದೇ ಕೇಳಿಸಿದ್ದು.”

“ಇನ್ನೊಂದು ಪ್ರೋಬ್ ತರಿಸಿ, ಇಬ್ಬರು ಕೂತು ಒಟ್ಟಿಗೇ ಮಾಡಿದ್ವಿ. ಒಂದು ಮುಂದಿನ ಶೆಡ್ಡಲ್ಲಿ, ಇನ್ನೊಂದು ಹಿಂದಿನ ಶೆಡ್ಡಲ್ಲಿ. ಹಿಂದಿಂದಕ್ಕೂ ನಿಮಗೂ ಮಧ್ಯೆ ಎರಡು ಗೋಡೆ ಇದೆ, ರಸ್ತೆ ಬೇರೆ. ಇಲ್ಲಿಗೆ ಹೇಗೆ ಕೇಳತ್ತೆ?” ಬಾಮೈದ ಅವನ ಮುಖವನ್ನೇ ದಿಟ್ಟಿಸಿ ನೋಡಿದ. “ಕೇಳಿಸ್ಲಿಲ್ಲ ಅಂದ್ರೆ ಹೊಡೀಲಿಲ್ಲ ಅಂತ ಅಂದ್ಕೊಂಡ್ರಾ? ನೀವಾ ಭಾವ?”

ಅಂಟಣ್ಣ ಬೆಂಚಿನ ಮೇಲೆ ಕುಸಿದು ಕೂತ. ಮೂರು ಕೇಸಿಂಗೂ ಗಟ್ಟಿ. ಅವನು ನೋಡಬೇಕೆಂದದ್ದೂ ಸರಿ, ನೋಡಿದಾಗ ಕಂಡದ್ದೂ ಸರಿ, ಆದರೆ ಇನ್ನು ಆ ಕಾರ್ಖಾನೆಯಲ್ಲಿ ಯಾರೂ ಖಾಲಿ ಪರದೆಗೆ ಹೆದರುವುದಿಲ್ಲ. ಅದನ್ನಾದರೂ ಸಹಿಸಬಹುದಿತ್ತು. ಒಂದು ಗಂಟೆ ಕಾಲ ತಾನು ಊರಿನ ನೀರಿನ ಪಂಪು ಒಡೆದಿರಲಿ ಅಂತ ಹಾರೈಸುತ್ತ ಕೂತಿದ್ದ, ಅದೂ ಕಿವಿಗೆ ಬೀಳದ ಒಂದು ಪೆಟ್ಟನ್ನು ನಂಬಿಕೊಂಡು. ಅವನಿಗೆ ನಾಚಿಕೆಯಿಂದ ಮೈಯೆಲ್ಲ ಬಿಸಿಯಾಯಿತು. ಗಡಿಯಾರ ನೋಡುತ್ತಾನೆ ಅಂತ ನಾಲ್ಕು ಜನರ ಮುಂದೆ ಹಂಗಿಸಿಕೊಂಡವನೇ ಒಂದೊಂದು ಚೌಕವನ್ನೂ ಬಿಡದೆ ನೋಡಿ, ಈಗ ಎದುರಿಗೆ ನಿಂತಿದ್ದ. ಗಡಿಯಾರ ನೋಡುತ್ತ ಕೂತವನು ಅಂಟಣ್ಣ.

“ತಪ್ಪು ನಂದೇ” ಅಂದ. ಯಾವತ್ತೂ ಆಡಿ ಅಭ್ಯಾಸವಿಲ್ಲದ ಮಾತು, ದನಿ ಏಳಲಿಲ್ಲ. ಅಷ್ಟರಲ್ಲಿ ಒಂದು ಲಾರಿ ಹಾದುಹೋಯಿತು.

“ಏನಂದ್ರಿ?” ಬಾಮೈದ ಕಿವಿ ಮುಂದೆ ಚಾಚಿದ.

“ಅವತ್ತು ಊಟದ ದಿನ ಅಂದದ್ದು... ತಪ್ಪು ನಂದು ಅಂದೆ.”

“ಭಾವ, ಒಂದೂ ಕೇಳಿಸ್ತಿಲ್ಲ. ಸ್ವಲ್ಪ ಜೋರಾಗಿ ಹೇಳಿ.”

ಅಂಟಣ್ಣ ಎದ್ದು ನಿಂತು, ಗಂಟಲು ಹರಿಯುವಂತೆ, “ತಪ್ಪು ನಂದು ಅಂದೆ ಕಣೋ!” ಅಂತ ಕೂಗಿದ. ಚಹಾ ಅಂಗಡಿಯವರೆಲ್ಲ ಲೋಟ ಹಿಡಿದುಕೊಂಡು ಇವನ ಕಡೆ ತಿರುಗಿದರು.